ಮೊಣಕೈ ಆಳದ ಹಸಿರು

ಒಂದೂರಿನ ಕೆರೆಯಲ್ಲಿ ಸುಂಕಮ್ಮ ಎಂಬ ಮುದುಕಿ ಮೀನು ಸಾಕುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗ ಹೊನ್ನೂರಪ್ಪನನ್ನು ಬೆಳೆಸಿದ್ದೂ ಆ ಕೆರೆಯಿಂದಲೇ. ಓದುಬರಹ ಇಲ್ಲದ ಅವಳಿಗೆ ಒಂದು ವಿದ್ಯೆ ಗೊತ್ತಿತ್ತು. ದಿನಾ ಬೆಳಿಗ್ಗೆ ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ ಅಂಗೈ ನೋಡುವುದು. ಅಂಗೈ ಕಾಣದಷ್ಟು ಹಸಿರಿದ್ದರೆ ನೀರು ಹದವಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಮರೆಯಾದರೆ ಹಸಿರು ಅತಿಯಾಯಿತು. ಅಂಗೈ ಕಂಡಿತೋ, ಮೀನಿಗೆ ಹೊಟ್ಟೆಗಿಲ್ಲ ಎಂದು ಸಗಣಿ ಕದಡಿ ಬಿಡುತ್ತಿದ್ದಳು. ಈಚೆಗೆ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ಕೈ ಇಳಿಸುವವಳು ಅವಳು, ನೋಡಿ ಹೇಳುವವನು ಮಗ.

“ಅಂಗೈ ಕಾಣ್ತೈತೇನಪ್ಪ?”

“ಇಲ್ಲವ್ವ.”

“ಹಂಗಾದ್ರ ಚಲೋ ಐತಿ.”

ಇಷ್ಟು ಕೇಳದೆ ಅವಳು ಚಹಾ ಕೂಡ ಕುಡಿಯುತ್ತಿರಲಿಲ್ಲ. ಆ ವರ್ಷ ಕೆರೆಯಲ್ಲಿ ಎಂಟು ತಿಂಗಳ ಕಾಟ್ಲಾ, ರೋಹು ಮೀನುಗಳು ಬೆಳೆದು ನಿಂತಿದ್ದವು. ಇನ್ನೊಂದು ತಿಂಗಳಿಗೆ ಬಲೆ ಬೀಸಬೇಕು. ತಾಯಿ ಮಗನ ಇಡೀ ವರ್ಷದ ಅನ್ನ ಆ ನೀರಿನೊಳಗೆ ಈಜಾಡುತ್ತಿತ್ತು ಅನ್ನಿ.

ಅಷ್ಟರಲ್ಲಿ ಊರ ಶಾಲೆಗೆ ಒಂದು ಸೂಕ್ಷ್ಮದರ್ಶಕ ಬಂತು. ಮಕ್ಕಳಿಗೆ ತೋರಿಸಲು ವಸುಂಧರಾ ಟೀಚರ್ ಕೆರೆಯ ನೀರು ಕೇಳಿದರು. ಹೊನ್ನೂರಪ್ಪ ತಾನೇ ಒಂದು ಬಾಟಲಿ ತುಂಬಿ ಒಯ್ದ. ನೀವೂ ನೋಡಿ ಎಂದು ಟೀಚರ್ ಅವನನ್ನು ಕರೆದು, ಒಂದು ಹನಿ ಇಟ್ಟು ತೋರಿಸಿದರು.

ಅವನು ಬಗ್ಗಿ ನೋಡಿದ. ಚಪ್ಪಲಿಯ ಆಕಾರದ ಒಂದು ಜೀವ ಮೈತುಂಬ ರೋಮ ಆಡಿಸುತ್ತ ಓಡಾಡುತ್ತಿತ್ತು. ಗಾಜಿನ ದೋಣಿಯಂಥದ್ದು ಮೆಲ್ಲಗೆ ಜಾರುತ್ತಿತ್ತು. ಹಸಿರು ಚೆಂಡೊಂದು ತಾನೇ ಉರುಳುತ್ತಿತ್ತು. ಇನ್ನೊಂದು ಹಸಿರು ಜೀವ ದಾರದಂಥ ಬಾಲ ಬೀಸುತ್ತ ಈಜುತ್ತಿತ್ತು. ಮತ್ತೊಂದಕ್ಕೆ ಆಕಾರವೇ ಇರಲಿಲ್ಲ, ಹರಿದು ಹರಿದು ಪಕ್ಕದ್ದನ್ನು ನುಂಗುತ್ತಿತ್ತು. ಒಂದು ಹನಿಯಲ್ಲಿ ಇಷ್ಟು.

ಹಿಂದಿನ ವರ್ಷ ಮೀನಿನ ಮೈಗೆ ಹೇನು ಹತ್ತಿ ಅರ್ಧಕ್ಕರ್ಧ ಸತ್ತಿದ್ದವು. ಆ ಭಯ ಅವನನ್ನು ಇನ್ನೂ ಬಿಟ್ಟಿರಲಿಲ್ಲ.

“ಇಷ್ಟು ಹುಳ ಅದಾವೇನ್ರಿ ನಮ್ಮ ಕೆರ್ಯಾಗ?”

“ಹುಳ ಅಲ್ಲ ಹೊನ್ನೂರಪ್ಪ. ಕೂತ್ಕೊಳ್ಳಿ, ಹೇಳ್ತೀನಿ. ಇವು ಒಂದೊಂದೂ...”

ಅವನು ಆಗಲೇ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದ. ಇಂಥವರಿಗೆ ಏನು ಹೇಳೋಣ ಹೇಳಿ. ನೋಡುವುದಕ್ಕೆ ಪುರುಸೊತ್ತಿತ್ತು, ಕೇಳುವುದಕ್ಕೆ ಇರಲಿಲ್ಲ.

ಮರುದಿನ ಮೋಡ ಕವಿದಿತ್ತು. ಹೊನ್ನೂರಪ್ಪ ಗೋಣಿಚೀಲಕ್ಕೆ ಮೈಲುತುತ್ತದ ನೀಲಿ ಹರಳು ತುಂಬಿ, ಹರಿಗೋಲಿಗೆ ಕಟ್ಟಿ, ಕೆರೆ ತುಂಬ ಎಳೆದುಕೊಂಡು ಸುತ್ತಿದ. ಹುಟ್ಟಿನ ಸದ್ದು ಕೇಳಿ ಸುಂಕಮ್ಮ ದಡಕ್ಕೆ ಬಂದಳು.

“ಏನು ಮಾಡಾಕತ್ತೀಯಪ್ಪ?”

“ಹುಳಕ್ಕ ಮದ್ದು ಹಾಕಾಕತ್ತೀನವ್ವ.”

“ಯಾವ ಹುಳ?”

“ನಿನಗ ಕಾಣಂಗಿಲ್ಲ, ಬಿಡು.”

ಪೊರೆ ಬಂದ ಕಣ್ಣಿನ ತಾಯಿಗೆ ಆಡುವ ಮಾತೇ ಅದು? ಅವಳು ಕೋಲು ಊರಿಕೊಂಡು ಮನೆಗೆ ಹೋದಳು.

ಮೂರನೆಯ ಬೆಳಿಗ್ಗೆ ಹಸಿರು ಹೋಗಿ ನೀರು ಕಂದಾಗಿತ್ತು. ಮೀನೆಲ್ಲ ಮೇಲೆ ಬಂದು ಬಾಯಿ ತೆರೆದುಕೊಂಡು ನಿಂತಿದ್ದವು. ಹಸಿದಿವೆ ಎಂದುಕೊಂಡು ಹೊನ್ನೂರಪ್ಪ ಎರಡು ಬುಟ್ಟಿ ತೌಡು ಎರಚಿದ. ಒಂದೂ ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ಕೆರೆಯ ಈ ದಡದಿಂದ ಆ ದಡದವರೆಗೆ ಬಿಳಿ ಹೊಟ್ಟೆ ಮೇಲಾಗಿ ತೇಲಿದವು. ಸುಂಕಮ್ಮನಿಗೆ ಯಾರೂ ಹೇಳಬೇಕಾಗಲಿಲ್ಲ, ನಾತ ಮನೆಯವರೆಗೂ ಬಂದಿತ್ತು.

ಸುದ್ದಿ ತಿಳಿದು ಟೀಚರ್ ಬಂದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ವಾಸಿಯಿತ್ತು.

“ಆ ಹಸಿರು ಜೀವಗಳೇ ಬಿಸಿಲಲ್ಲಿ ನಿಮ್ಮ ಮೀನಿಗೆ ಉಸಿರು ಮಾಡಿ ಕೊಡ್ತಿದ್ದವು. ಅವನ್ನ ರೋಮದವು ತಿಂತಿದ್ದವು, ರೋಮದವನ್ನ ಇನ್ನೊಂದು ತಿಂತಿತ್ತು, ಕಡೆಗೆ ಅದೇ ಮೀನಿನ ಊಟ. ನೀವು ಎಲ್ಲವನ್ನೂ ಒಟ್ಟಿಗೆ ಕೊಂದ್ರಿ. ಅವು ಕೊಳೆಯುವಾಗ ನೀರಲ್ಲಿ ಉಳಿದಿದ್ದ ಉಸಿರೂ ಖರ್ಚಾಯ್ತು. ಮೀನು ಬಾಯಿ ತೆರೆದದ್ದು ಹಸಿವಿಗಲ್ಲ ಹೊನ್ನೂರಪ್ಪ. ಅವತ್ತು ಇದನ್ನೇ ಹೇಳೋಕೆ ಹೊರಟಿದ್ದೆ.”

ಎರಡು ದಿನ ಗುಂಡಿ ತೋಡಿ ಮೀನು ಹೂತದ್ದಾಯಿತು. ವಾರ ಕಳೆಯಿತು, ಕೆರೆ ತಿಳಿಯಾಯಿತು. ಸುಂಕಮ್ಮ ಬಂದು ಎಂದಿನಂತೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಣಕೈವರೆಗೆ ಕೈ ಇಳಿಸಿದಳು.

“ಅಂಗೈ ಕಾಣ್ತೈತೇನಪ್ಪ?”

ಅಂಗೈಯ ಗೆರೆಗಳು ಕೂಡ ಕಾಣುತ್ತಿದ್ದವು. ಅದರ ಕೆಳಗೆ ಕೆಸರು, ಕೆಸರಿನಲ್ಲಿ ಹೂಳಲು ಸಿಗದೆ ಉಳಿದ ಮೀನಿನ ಮುಳ್ಳು. ಸುಳ್ಳು ಹೇಳಬೇಕೆಂದು ಹೊನ್ನೂರಪ್ಪ ಬಾಯಿ ತೆರೆದ. ಆಗಲಿಲ್ಲ.

“ಕಾಣ್ತೈತವ್ವ,” ಎಂದು ಅತ್ತುಬಿಟ್ಟ.

ಸುಂಕಮ್ಮ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಮರುದಿನದಿಂದ ಅವಳು ಕೆರೆಯ ಕಡೆ ಬರಲಿಲ್ಲ.

ನೀತಿ: ಹೊಸದಾಗಿ ಕಣ್ಣಿಗೆ ಬಿದ್ದದ್ದೆಲ್ಲ ಹಗೆಯಲ್ಲ. ಕೊಲ್ಲುವ ಮೊದಲು, ಅದು ಯಾರಿಗೆ ಅನ್ನ, ಯಾರಿಗೆ ಉಸಿರು ಎಂದು ಬಲ್ಲವರನ್ನು ಒಂದು ಮಾತು ಕೇಳಿ. ಆಮೇಲೆ ಕೇಳಿದರೂ ಉತ್ತರ ಸಿಗುತ್ತದೆ, ಸತ್ತ ಮೀನು ಮಾತ್ರ ಎದ್ದು ಬರುವುದಿಲ್ಲ.