ಕಂಬಳಿ ಹಾಸಿದ ಕಡೆ

ಎರೆಮಣ್ಣಿಗೆ ಒಂದು ಮಾತಿದೆ. ಹಸಿಯಲ್ಲ, ಹುಡಿಯೂ ಅಲ್ಲ, ಅವೆರಡರ ನಡುವಿನದು. ಹ... ಹಳ... ಅಲ್ಲ. ಇಲ್ಲಿ ಆ ಮಣ್ಣೂ ಇಲ್ಲ, ಆ ಮಾತು ಆಡುವವರೂ ಇಲ್ಲ. ಇರಲಿ ಕೂಸೇ, ಕಥೆ ಮುಗಿಯುವುದರೊಳಗೆ ಅಜ್ಜಿಗೆ ನೆನಪಾದೀತು.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿಯ ಗುರುಗಳನ್ನು ಎಲ್ಲರೂ ಅಪ್ಪಾವರು ಎನ್ನುತ್ತಿದ್ದರು. ಎರೆಮಣ್ಣಿನ ಅಂಗಳದ ತುಂಬ ಗರಿಕೆ. ನಡುವೆ ಒಂದು ಸಾಲು ಕಲ್ಲು. ಅಂಗಳ ನೋಡಿಕೊಳ್ಳುವವರು ಇಬ್ಬರು ಶಿಷ್ಯರು: ಕಲ್ಲಿನ ಈಚೆ ಅಡಿವೆಪ್ಪನ ಪಾಲು, ಆಚೆ ಕಲ್ಮೇಶನ ಪಾಲು.

ಅಡಿವೆಪ್ಪ ಆಶ್ರಮಕ್ಕೆ ಬಂದು ಹನ್ನೆರಡು ವರ್ಷ. ಕಲ್ಮೇಶ ಬಂದು ಎರಡು ಮಳೆಗಾಲ.

ಸಂಜೆಯಾದರೆ ಅಪ್ಪಾವರು ಕಂಬಳಿ ತಂದು ಹುಲ್ಲಿನ ಮೇಲೆ ಹಾಸಿ ಕೂರುತ್ತಿದ್ದರು. ಹಾಸುತ್ತಿದ್ದುದು ಕಲ್ಮೇಶನ ಪಾಲಿನಲ್ಲಿ.

ಅದನ್ನು ಕಂಡ ರಾತ್ರಿ ಅಡಿವೆಪ್ಪ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದ.

ಚಳಿಗಾಲ ಬಂತು. ಎರಡೂ ಪಾಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿದವು. ತನ್ನದೇ ಮೊದಲು ಹಸಿರಾಗಲಿ ಎಂದು ಅಡಿವೆಪ್ಪ ಕೊಡಗಟ್ಟಲೆ ನೀರು ಹೊತ್ತು ಸುರಿದ, ಬುಟ್ಟಿಗಟ್ಟಲೆ ಗೊಬ್ಬರ ಚೆಲ್ಲಿದ. ಕಲ್ಮೇಶ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದ.

"ನಿನ್ನ ಪಾಲಿಗೆ ನೀರು ಬ್ಯಾಡೇನೋ?"

"ಅದು ಮಲಗೈತಲ್ಲಣ್ಣಾ. ಮಲಗಿದವರ ಬಾಯಾಗ ಯಾರರೆ ತುತ್ತು ತುರುಕತಾರೇನು?"

ಯುಗಾದಿ ಕಳೆದು ಬಿಸಿಲು ಏರಿದಾಗ ಕಲ್ಮೇಶನ ಗರಿಕೆ ತಾನಾಗಿ ಎದ್ದಿತು. ಅಡಿವೆಪ್ಪನ ಪಾಲಿನಲ್ಲಿ ಎದ್ದದ್ದು ಕಳೆ.

"ಅದೂ ಹಸಿರೇ ಐತಿ ಬಿಡಣ್ಣಾ," ಎಂದ ಕಲ್ಮೇಶ.

ಮೊದಲ ದೊಡ್ಡ ಮಳೆ ಬಿತ್ತು. ಕಲ್ಮೇಶನಿಗಿಂತ ಮುಂಚೆ ಇಳಿಯಬೇಕೆಂದು ಅಡಿವೆಪ್ಪ ಹನಿ ನಿಂತ ಕೂಡಲೇ ಗುದ್ದಲಿ ಹಿಡಿದು ಕೆಸರಿಗೆ ಇಳಿದ. ಕಳೆ ಕಿತ್ತ, ಅಗೆದ, ಅಗೆದದ್ದನ್ನೇ ತುಳಿದ. ಎರೆ ಅಂಗಾಲಿಗೆ ಮೆತ್ತಿಕೊಂಡು ಕಾಲು ಎತ್ತಲಾಗಲಿಲ್ಲ.

ಕಲ್ಮೇಶ ನಾಲ್ಕು ದಿನ ಸುಮ್ಮನಿದ್ದ. ಅಪ್ಪಾವರು ಕಲಿಸಿದಂತೆ ದಿನಾ ಒಂದು ಹಿಡಿ ಮಣ್ಣು ಅಮುಕಿ ನೋಡುತ್ತಿದ್ದ. ಕೈಗೆ ಅಂಟಿದರೆ ಎದ್ದು ಹೋಗುತ್ತಿದ್ದ. ಐದನೆಯ ದಿನ ಉಂಡೆ ಬೆರಳು ತಾಗಿದ್ದೇ ಒಡೆಯಿತು. ಆಗ ಕಳೆ ಕೀಳಲು ಇಳಿದ.

ಅಷ್ಟರಲ್ಲಿ ಅಡಿವೆಪ್ಪನ ಪಾಲು ಬಿಸಿಲಿಗೆ ಬೆಂದು ಇಟ್ಟಿಗೆಯಾಗಿತ್ತು.

ಒಂದು ಮಧ್ಯಾಹ್ನ, ಎಲ್ಲರೂ ಅಡ್ಡಾದ ಹೊತ್ತಿನಲ್ಲಿ, ಅವನು ಆಶ್ರಮದ ಕರುವಿನ ಹಗ್ಗ ಬಿಚ್ಚಿ ಕಲ್ಲಿನಾಚೆ ಬಿಟ್ಟ. ಕರು ಗರಿಕೆಯನ್ನೆಲ್ಲ ಸವರಿದ ಹಾಗೆ ಮೇಯ್ದಿತು. ಅಂದು ರಾತ್ರಿ ಅಡಿವೆಪ್ಪ ಎರಡು ರೊಟ್ಟಿ ಹೆಚ್ಚು ತಿಂದ.

ಹತ್ತು ದಿನಕ್ಕೆ ಕಲ್ಮೇಶನ ಗರಿಕೆ ಮೊದಲಿಗಿಂತ ಒತ್ತಾಗಿ ಹಬ್ಬಿತ್ತು.

"ಯಾರೋ ಪುಣ್ಯಾತ್ಮರು ಕರು ಬಿಟ್ಟಿದ್ರು, ಅಪ್ಪಾರ. ಈ ದಿನದಾಗ ಕತ್ತರಿಸಿದಷ್ಟೂ ಹಬ್ಬತೈತಲ್ರಿ. ನಾನೇ ಕುಡಗೋಲು ಮಸೀಬೇಕಂತಿದ್ದೆ, ಕೆಲಸ ಉಳೀತು," ಎಂದ ಕಲ್ಮೇಶ.

ಅಪ್ಪಾವರು ಅಡಿವೆಪ್ಪನ ಕಡೆ ನೋಡಿದರು. ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು ಅಂದು ಅಡಿವೆಪ್ಪನ ಪಾಲಿನಲ್ಲಿ ಹಾಸಿದರು.

ಎರಡು ವರ್ಷದಿಂದ ಬಯಸಿದ್ದು ಸಿಕ್ಕಿತ್ತು. ಅಡಿವೆಪ್ಪ ಕಲ್ಮೇಶನತ್ತ ತಿರುಗಿ ನೋಡಿದ. ಮತ್ತೆ ಅಪ್ಪಾವರ ಕಡೆ ನೋಡಿದ. ಅವರು ಒಮ್ಮೆ ಈ ಮೊಣಕಾಲು, ಒಮ್ಮೆ ಆ ಮೊಣಕಾಲು ಸರಿಸುತ್ತಿದ್ದರು. ಕಂಬಳಿಯ ಕೆಳಗೆ ಕಲ್ಲಿನಂಥ ಮಣ್ಣಿನ ಹೆಂಟೆ.

"ಹೆಂಟಿ ಒತ್ತತಾವೇನ್ರಿ, ಅಪ್ಪಾರ?"

"ಒತ್ತಲಿ ಬಿಡು. ನಿನ್ನ ಪಾಲು ಹೌದಲ್ಲೋ."

ಮರುದಿನವೂ ಅಲ್ಲೇ ಹಾಸಿದರು. ಮೂರನೆಯ ಸಂಜೆ ಏಳುವಾಗ ನೆಲಕ್ಕೆ ಕೈಯೂರಿ ಎದ್ದರು. ಅವರ ಕಣಕಾಲಿನ ಮೇಲೆ ಹೆಂಟೆಯ ಅಚ್ಚು ಕೆಂಪಗೆ ಮೂಡಿತ್ತು.

ನಾಲ್ಕನೆಯ ಸಂಜೆ ಅಡಿವೆಪ್ಪ ಓಡಿಬಂದು ಅವರ ಹೆಗಲಿನಿಂದ ಕಂಬಳಿ ಇಸಿದುಕೊಂಡ. ತಾನೇ ಕಲ್ಲು ದಾಟಿ ಹಾಸಿದ.

"ಅಲ್ಲಿ ಬ್ಯಾಡ್ರಿ. ಇಲ್ಲಿ ಕೂಡ್ರಿ, ಕಲ್ಮೇಶನ ಕಡೆ. ಇಲ್ಲಿ ಮೆತ್ತಗೈತಿ. ಕರು ಬಿಟ್ಟಾಂವ ನಾನೇ, ಅಪ್ಪಾರ."

ಅವನ ದನಿ ಒಡೆಯಿತು.

ಅಪ್ಪಾವರು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು, "ಈಗ ಹದ ಬಂತು."

ಹದ. ಅದೇ ಮಾತು. ಅಜ್ಜಿಗೆ ಮತ್ತೆ ಮರೆಯುವ ಮೊದಲು ಬರೆದಿಡು, ಕೂಸೇ.