ಪ್ರೂಫ್ ನಾಣ್ಯದ ಅಳಿಯ

ಕೇಳ್ರಪ್ಪಾ ಕೇಳಿ, ನಗೋದು ಆಮೇಲೆ, ಮೊದಲು ಕೇಳಿ. ಒಂದೂರಲ್ಲಿ ದ್ಯಾವೀರಮ್ಮ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಚಿಕ್ಕೀರ. ಆಳು ನೋಡಿದ್ರೆ ಬಾಗಿಲಿಗೆ ಬಗ್ಗಬೇಕು, ಬುದ್ಧಿ ನೋಡಿದ್ರೆ ಚಿಟಿಕೆಗೂ ಸಾಲದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ಗುಣ, ಅದೇ ಅವನ ರೋಗ.

"ಅಯ್ಯೋ ನನ್ನ ಹಣೆಬರಹವೇ! ನಿನಗೆ ಯಾರೋ ಹೆಣ್ಣು ಕೊಡ್ತಾರೆ?" ಅಂತ ದ್ಯಾವೀರಮ್ಮ ದಿನಾ ಗೋಳಾಡೋಳು.

ಕೊನೆಗೂ ಪಕ್ಕದೂರಿನ ಮೂಡ್ಲಗಿರಿಯಪ್ಪನ ಮಗಳು ಲೋಲಾಕ್ಷಿ ಒಪ್ಪಿದಳು. "ಮೋಸ ಗೊತ್ತಿಲ್ಲದೋನು, ನಂಗೆ ಸಾಕು" ಅಂದಳು. ಆದರೆ ಅವಳಪ್ಪ ಒಪ್ಪಬೇಕಲ್ಲ? ಆತನಿಗೆ ನಾಣ್ಯ ಕೂಡಿಸುವ ಹುಚ್ಚು. ಎಂಥ ನಾಣ್ಯ ಅಂತೀರಿ? ಪ್ರೂಫ್ ನಾಣ್ಯ! ಸಂತೆಗೆ ಖರ್ಚು ಮಾಡೋದಲ್ಲ, ಇಟ್ಟು ನೋಡೋದಕ್ಕೆ ಅಂತಲೇ ಟಂಕಸಾಲೆಯಲ್ಲಿ ಹೊಡೆದದ್ದು. ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು, ಅಷ್ಟು ಹೊಳಪು.

"ನನ್ನ ಅಳಿಯನಿಗೂ ಈ ಗೀಳು ಇರಬೇಕು," ಅಂದ ಮೂಡ್ಲಗಿರಿಯಪ್ಪ. "ಹೊಸ ಪ್ರೂಫ್ ನಾಣ್ಯದ ಒಂದು ರೋಲು ತಂದು ಜೋಪಾನ ಮಾಡಲಿ. ಯುಗಾದಿಗೆ ಬಂದು ನೋಡ್ತೀನಿ. ಕೆಡಿಸಿದ್ನೋ, ಸಂಬಂಧ ಮುರೀತು!"

ದ್ಯಾವೀರಮ್ಮ ಮೇಕೆ ಮಾರಿದಳು. "ಮಗಾ, ತುಮಕೂರಿಗೆ ಹೋಗು. ನಾಣ್ಯದ ಅಂಗಡೀಲಿ ಒಂದು ರೋಲು ತಗೋ. ಖೋಟಾ ಕೊಟ್ಟಾರು, ಕಲ್ಲಿಗೆ ಹೊಡೆದು ಸದ್ದು ಕೇಳಿ ತಗೋ!"

"ಆಗಲಿ ಕಣವ್ವಾ!"

ಹೋದ. ಬಿಸ್ಕತ್ ಪೊಟ್ಟಣದ ಹಾಗೆ ಕಾಗದದಲ್ಲಿ ಸುತ್ತಿದ ರೋಲು ತಗೊಂಡ. ಅಂಗಡಿ ಮೆಟ್ಟಿಲ ಮೇಲೆ ಕೂತ, ಕಾಗದ ಹರಿದ, ಒಂದೊಂದೇ ನಾಣ್ಯ ಎತ್ತಿ ಕಲ್ಲಿಗೆ ಹೊಡೆದ. ಠಣ್! ಠಣ್! ಠಣ್!

ಅಂಗಡಿಯವರು ಎದೆ ಹಿಡ್ಕೊಂಡು ಓಡಿ ಬಂದರು. "ಅಯ್ಯೋ ಪುಣ್ಯಾತ್ಮಾ! ಏನ್ ಮಾಡ್ತಿದೀಯೋ?"

"ಸದ್ದು ಕೇಳ್ತಿದೀನಿ ಸ್ವಾಮಿ. ಎಲ್ಲಾ ಒಳ್ಳೆ ನಾಣ್ಯಾನೇ!"

"ಒಳ್ಳೇದಾಗಿತ್ತು ಕಣಯ್ಯಾ! ಈಗ ಬರೀ ಚಿಲ್ಲರೆ! ಇದಕ್ಕೆ ಬೆರಳು ತಗುಲಿದ್ರೇ ಕಲೆ, ನೀನು ಕಲ್ಲಿಗೆ ಹೊಡೀತೀಯಾ?"

ಗೀರುಬಿದ್ದ ನಾಣ್ಯ ನೋಡಿ ದ್ಯಾವೀರಮ್ಮ ಹಣೆ ಹಣೆ ಚಚ್ಚಿಕೊಂಡಳು. "ಪೆದ್ದೇ! ಪೆದ್ದರ ಪೆದ್ದೇ! ಬೆರಳು ತಗುಲಿದ್ರೇ ಕಲೆ ಅಂದ್ರಂತಲ್ಲ? ಕೈಯಲ್ಲಿ ಮುಟ್ಟಲೇಬೇಡ!"

"ಮೊದಲೇ ಹೇಳಬಾರದೇನವ್ವಾ? ಇನ್ಮೇಲೆ ಹಾಗೇ ಮಾಡ್ತೀನಿ."

ಹಿತ್ತಾಳೆ ಹಂಡೆ ಹೋಯ್ತು, ಚಿಕ್ಕೀರ ಮತ್ತೆ ತುಮಕೂರಿಗೆ ಹೋದ. ಅಂಗಡಿಯವರು ರೋಲು ಚಾಚಿದರು. ಇವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಆ ಅಂತ ಬಾಯಿ ತೆರೆದ.

"ಇದೇನಯ್ಯಾ?"

"ಕೈಯಲ್ಲಿ ಮುಟ್ಟಬಾರದಲ್ಲ ಸ್ವಾಮಿ, ಬಾಯಿಗೇ ಇಟ್ಟುಬಿಡಿ!"

ರೋಲು ಕಚ್ಚಿಕೊಂಡೇ ಬಸ್ಸು ಹತ್ತಿದ. ಕಂಡಕ್ಟರು "ಎಲ್ಲಿಗಪ್ಪಾ?" ಅಂದ. "ಮ್ಮ್!" ಅಂದ. "ಯಾವೂರಯ್ಯಾ?" ಅಂದ. "ಮ್ಮ್ಮ್ಮ್!" ಅಂದ. ಪಾಪ, ಮೂಗ ಅಂತ ಕಂಡಕ್ಟರು ಕಡೇ ಸ್ಟಾಪಿನವರೆಗೂ ಕರ್ಕೊಂಡು ಹೋಗಿ ಇಳಿಸಿದ. ಅಲ್ಲಿಂದ ನಡೆದು ಮನೆಗೆ ಬರೋ ಹೊತ್ತಿಗೆ ಕಾಗದ ನೆನೆದು ಹಿಟ್ಟಾಗಿತ್ತು. ಬಾಯಿ ತೆರೆದ. ಜೊಲ್ಲಿನ ಜೊತೆ ನಾಣ್ಯಗಳು ದಬದಬ ಬಿದ್ದವು.

"ಬಾಯಲ್ಲಿ ತಂದ್ಯೇನೋ! ಕಾಗದ ಬಿಚ್ಚಿ ಹೋಗಿದೆಯಲ್ಲೋ! ಟವಲಲ್ಲಿ ಸುತ್ತಿ ಹೆಗಲ ಮೇಲೆ ತರೋದು, ಟ್ರಂಕಲ್ಲಿಟ್ಟು ಬೀಗ ಹಾಕೋದು! ಕಟ್ಟಿದ್ದು ಕಟ್ಟಿದ ಹಾಗೇ ಇದ್ರೆ ಬೆಲೆ. ದೇವರೇ ಬಂದು ಕೇಳಿದ್ರೂ ಬಿಚ್ಚಬೇಡ! ಬಿಚ್ಚಿ ಹೋದದ್ದು ಕೊಟ್ರೆ ಬದಲಿ ಕೇಳು!"

"ಮೊದಲೇ ಹೇಳಬಾರದೇನವ್ವಾ? ಇನ್ಮೇಲೆ ಹಾಗೇ ಮಾಡ್ತೀನಿ."

ಈ ಸಲ ಮಾರೋದಕ್ಕೆ ಉಳಿದದ್ದು ಕಿವಿಯ ಓಲೆ ಮಾತ್ರ. ಬಿಚ್ಚಿ ಕೊಡುವಾಗ ಆಕೆಯ ಕಣ್ಣು ತುಂಬಿತು. "ಇದೇ ಕೊನೆ ಕಣೋ ಮಗಾ. ಇದೂ ಹಾಳಾದ್ರೆ ನಿನಗೆ ಮದುವೆ ಇಲ್ಲ."

ಚಿಕ್ಕೀರನಿಗೂ ಹೆದರಿಕೆಯಾಯ್ತು, ಅವನಿಗೆ ಲೋಲಾಕ್ಷಿ ಅಂದ್ರೆ ಪ್ರಾಣ. ರೋಲು ತಂದ, ಟವಲಲ್ಲಿ ಸುತ್ತಿ ತಂದ, ಟ್ರಂಕಲ್ಲಿಟ್ಟು ಬೀಗ ಹಾಕಿದ. ಯುಗಾದಿ ಬಂತು, ಮೂಡ್ಲಗಿರಿಯಪ್ಪನೂ ಬಂದ.

"ಎಲ್ಲಿ, ಬಿಚ್ಚು ನೋಡೋಣ."

"ಬಿಚ್ಚಲ್ಲ!"

"ನಾನು ಹೆಣ್ಣಿನ ಅಪ್ಪ ಕಣಯ್ಯಾ, ಬಿಚ್ಚು."

"ದೇವರು ಬಂದ್ರೂ ಬಿಚ್ಚಲ್ಲ!"

ಒಳಗೆ ದ್ಯಾವೀರಮ್ಮ ತಲೆ ಮೇಲೆ ಕೈ ಹೊತ್ತಳು. ಮೂಡ್ಲಗಿರಿಯಪ್ಪ ಮಾತ್ರ ತೊಡೆ ತಟ್ಟಿ ನಕ್ಕ. "ಶಭಾಷ್! ಪರೀಕ್ಷೆ ಮಾಡಿದ್ದು ಕಣೋ! ಹೊಸಬರೆಲ್ಲ ಆಸೆ ತಡೀಲಾರದೆ ಬಿಚ್ಚಿ ಕೆಡಿಸ್ತಾರೆ. ನೀನು ಬಿಚ್ಚಿದ್ರೆ ಎದ್ದು ಹೋಗ್ತಿದ್ದೆ. ಮಗಳನ್ನ ಕೊಟ್ಟೆ, ಹೋಗು!"

ಮದುವೆಯ ದಿನ ಬಂತು. ಹಸೆಮಣೆ ಮೇಲೆ ಗಂಡು, ಎದುರಿಗೆ ಹೆಣ್ಣು, ನಡುವೆ ಇಬ್ಬರು ಹಿಡಿದ ಅಂತರಪಟ. ಪುರೋಹಿತರು ಮಂತ್ರ ಮುಗಿಸಿ "ಸರಿಸ್ರಪ್ಪಾ ಪಟ!" ಅಂದರು. ಗಟ್ಟಿಮೇಳ ಶುರುವಾಯ್ತು. ಚಿಕ್ಕೀರ ಎರಡೂ ಕೈಯಲ್ಲಿ ಬಟ್ಟೆ ಹಿಡಿದುಬಿಟ್ಟ.

"ಬಿಚ್ಚಬೇಡಿ! ಬೆಲೆ ಹೋಗುತ್ತೆ!"

"ಬಿಡೋ, ಮುಹೂರ್ತ ಮೀರುತ್ತೆ!" ದ್ಯಾವೀರಮ್ಮ ಚೀರಿದಳು.

"ದೇವರು ಬಂದ್ರೂ ಬಿಚ್ಚಬೇಡ ಅಂದೋಳು ನೀನೇ ಅಲ್ವಾ?"

"ನಾನು ಹೇಳ್ತಿದೀನಿ, ಬಿಡಯ್ಯಾ!" ಅಂದ ಮೂಡ್ಲಗಿರಿಯಪ್ಪ.

"ಗೊತ್ತು ಮಾವ, ಪರೀಕ್ಷೆ ಮಾಡ್ತಿದೀರ! ಆವತ್ತೂ ಹೀಗೇ ಕೇಳಿದ್ರಿ. ಈಗ ಬಿಟ್ರೆ ಎದ್ದು ಹೋಗ್ತೀರ, ಅವಳನ್ನೂ ಕರ್ಕೊಂಡು ಹೋಗ್ತೀರ!" ಅನ್ನುವಾಗ ಅವನ ಕಣ್ಣಲ್ಲಿ ನೀರು.

ವಾಲಗದವರ ಉಸಿರು ಮುಗೀತಾ ಬಂತು, ಮುಹೂರ್ತವೂ ಮುಗೀತಾ ಬಂತು. ಅಷ್ಟರಲ್ಲಿ ಅಂತರಪಟದ ಅಡಿಯಿಂದ ಒಂದು ಬಳೆ ಕೈ ಬಂತು, ಹಿಂದೆಯೇ ಬಾಸಿಂಗದ ತಲೆ ಬಂತು. ಲೋಲಾಕ್ಷಿ ನುಸುಳಿ ಬಂದು ಅವನ ಕೊರಳಿಗೆ ಹಾರ ಹಾಕಿದಳು.

"ನನ್ನ ಬೆಲೆ ನಂಗೊತ್ತು ಕಣ್ರೀ. ಮೊದಲು ತಾಳಿ ಕಟ್ಟಿ!"

ಕಟ್ಟಿದ. ಅಕ್ಷತೆ ಬಿತ್ತು. ದ್ಯಾವೀರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು, ಅಬ್ಬಾ ಅಂದಳು. ಚಿಕ್ಕೀರ ಮಾತ್ರ ಬಟ್ಟೆ ನೋಡಿದ, ಹೆಂಡತಿಯನ್ನು ನೋಡಿದ, ಮುಖ ಸಪ್ಪೆ ಮಾಡಿದ.

"ಮಾವಾ, ಇದು ಬಿಚ್ಚಿ ಹೋಯ್ತಲ್ಲ. ಬದಲಿ ಕೊಡ್ತೀರಾ?"

ಲೋಲಾಕ್ಷಿ ನಗು ತಡೆದು, "ಬದಲಿ ಇಲ್ಲ ರೀ. ಈ ಅಚ್ಚಲ್ಲಿ ಹೊಡೆದದ್ದು ನಾನೊಬ್ಬಳೇ," ಅಂದಳು.

"ಒಂದೇನಾ! ಇಡೀ ಲೋಕಕ್ಕೆ ಒಂದೇನಾ!"

ಚಿಕ್ಕೀರ ಅಂತರಪಟ ಕಿತ್ತುಕೊಂಡ. ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿದ, ಹೆಗಲ ಮೇಲೆ ಹಾಕಿಕೊಂಡ. ಒಳಗೆ ಅವಳು ಬಿದ್ದು ಬಿದ್ದು ನಗ್ತಿದ್ದಾಳೆ, ಇವನು ಛತ್ರದ ಬಾಗಿಲಿಗೆ ಓಡ್ತಾ ಓಡ್ತಾ ಕೂಗ್ತಿದಾನೆ:

"ಅವ್ವಾ, ಟ್ರಂಕಿನ ಬೀಗದ ಕೈ ಕೊಡೇ!"