ಗಡಿದಿಬ್ಬದ ಕಾವಲು

ಸಾವಿರದ ಇನ್ನೂರು ವರ್ಷಗಳ ಹಿಂದೆ ಎರಡು ನಾಡಿನವರು ಬುಟ್ಟಿಗಳಲ್ಲಿ ಮಣ್ಣು ಹೊತ್ತು, ಒಬ್ಬರದು ಒಂದು ಪದರ ಕೆಂಪು, ಇನ್ನೊಬ್ಬರದು ಒಂದು ಪದರ ಕಪ್ಪು ಎಂದು ಕಟ್ಟಿದ ಗಡಿದಿಬ್ಬವೊಂದನ್ನು ಮುಳ್ಳುಹಂದಿಯೊಂದು ಕಾಯುತ್ತಿತ್ತು. ಹಿರಿಯರ ಕೈಕೆಲಸಕ್ಕೆ ಯಾರೂ ಉಗುರು ತಾಗಿಸಬಾರದು ಎಂಬುದು ಅದರ ಕಟ್ಟಪ್ಪಣೆ.

ಒಂದು ಸಂಜೆ, ಸುರಿಯುವ ಮಳೆಯಲ್ಲಿ, ತುಂಬುಬಸುರಿ ಹೆಗ್ಗಣವೊಂದು ಓಡಿ ಬಂತು.

"ಮುಳ್ಳಣ್ಣ, ಹೊಲದ ಬಿಲಕ್ಕೆ ನೀರು ನುಗ್ಗಿದೆ. ನನಗೆ ಹೆರಿಗೆ ನೋವು ಎದ್ದಿದೆ. ಇಷ್ಟು ದೊಡ್ಡ ದಿಬ್ಬದಲ್ಲಿ ಒಂದೇ ಒಂದು ಬಿಲ ತೋಡಿಕೊಳ್ಳುತ್ತೇನೆ."

"ಇವತ್ತು ನಿನ್ನದು, ನಾಳೆ ನಿನ್ನ ನಾದಿನಿಯದು. ಆಗದು," ಎಂದು ಮುಳ್ಳುಹಂದಿ ಮುಳ್ಳು ನಿಮಿರಿಸಿ ಅಡ್ಡ ನಿಂತಿತು.

"ಹಾಗಾದರೆ ನೀನು ಮಲಗುವುದೆಲ್ಲಿ?"

"ಕಾವಲಿನವನಿಗೆ ಸ್ಥಳದಲ್ಲೇ ಬಿಡಾರ ಬೇಕು. ಅದು ಬೇರೆ ಮಾತು."

ಹೆಗ್ಗಣ ದಿಬ್ಬದಲ್ಲೇ ತೋಡಿದ್ದ ಆ ಬಿಡಾರದ ಬಾಗಿಲಲ್ಲಿ ರಾಶಿ ಬಿದ್ದಿದ್ದ ಮಣ್ಣನ್ನು ಮೂಸಿತು. "ಇದರಲ್ಲಿ ಕೆಂಪು ಯಾವುದು, ಕಪ್ಪು ಯಾವುದು, ನೀನೇ ಹೇಳಪ್ಪ."

ಮುಳ್ಳುಹಂದಿ ಬಗ್ಗಿ ನೋಡಿತು. ಎರಡೂ ಬೆರೆತು ಹೋಗಿದ್ದವು. ಇನ್ನು ಯಾರಿಂದಲೂ ಬೇರೆ ಮಾಡಲಾಗದು. ಅದರ ಮುಳ್ಳುಗಳು ಮೆಲ್ಲಗೆ ಬಾಗಿದವು. ಆ ಮಣ್ಣನ್ನೆಲ್ಲ ತನ್ನ ಬಿಲದೊಳಕ್ಕೆ ತಳ್ಳಿ, ತುಳಿದು, ಬಿಲದ ಬಾಯಿ ಮುಚ್ಚಿತು.

"ಈಗ ಹೇಳುತ್ತೇನೆ, ಕೇಳು. ಇಲ್ಲಿ ಯಾರೂ ತೋಡುವಂತಿಲ್ಲ. ಆಚೆ ಬಂಡೆಯ ಸಂದಿಗೆ ನೀರು ಬರುವುದಿಲ್ಲ. ಇಬ್ಬರೂ ಅಲ್ಲಿಗೆ ಹೋಗೋಣ, ನಡೆ."

ಹೆಗ್ಗಣ ಏದುಸಿರು ಬಿಡುತ್ತ ಹಿಂದೆ ನಡೆಯಿತು. "ಆ ಸಂದಿ ನಿನಗೆ ಮೊದಲೇ ಗೊತ್ತಿತ್ತೇ ಅಣ್ಣ?"

"ಗೊತ್ತಿತ್ತು," ಎಂದಿತು ಮುಳ್ಳುಹಂದಿ. "ಆದರೆ ಮಲಗಲು ದಿಬ್ಬದ ಮಣ್ಣು ಮೆತ್ತಗಿತ್ತು."